ಬಾವುಟಕ್ಕೆ ಹಚ್ಚಿದ ತೇಪೆ

ನಾನು ಚಿಕ್ಕವನಿದ್ದಾಗ ನಮ್ಮ ತಲೆಯ ಮೇಲೆ ಹಂಗೇರಿ ದೇಶವಿತ್ತು. ಸುಳ್ಳಲ್ಲ ಮಕ್ಕಳೇ. ಅಮೆರಿಕದ ರೆಂಟನ್ ಊರಿನ ಒಂದು ಹಳೆಯ ಮರದ ಮನೆಯಲ್ಲಿ ಕೆಳಗಿನ ಬೇಸ್‌ಮೆಂಟಿನಲ್ಲಿ ನಾವಿದ್ದೆವು, ಮೇಲಿನ ಅಂತಸ್ತಿನಲ್ಲಿ ಹಂಗೇರಿಯಿಂದ ಬಂದ ಗಂಡಹೆಂಡತಿ ಇದ್ದರು. ಅವರು ನಡೆದಾಡಿದರೆ ನಮ್ಮ ಸೂರು ಕಿರುಗುಟ್ಟುತ್ತಿತ್ತು. ಅಕ್ಕ ರೊಟ್ಟಿ ಬಡಿದರೆ ಅವರ ನೆಲ ಅದುರುತ್ತಿತ್ತು. ಆಗ ಮೇಲಿನಿಂದ ಎರಡು ಸಲ ಕಾಲು ಕುಟ್ಟುವ ಸದ್ದು ಬರುತ್ತಿತ್ತು. ಅದು ಸಿಟ್ಟಲ್ಲ, ‘ನಮಗೂ ಒಂದು ರೊಟ್ಟಿ ಇರಲಿ’ ಎಂದು ಅದರ ಅರ್ಥ.

ಅಮ್ಮ ಹುಬ್ಬಳ್ಳಿಯಲ್ಲೇ ತೀರಿಕೊಂಡಿದ್ದಳು. ಅಪ್ಪ ಅಲ್ಲಿ ಲೇತಿನ ಮೇಲೆ ರೈಲಿನ ಬಿಡಿಭಾಗ ಕಡೆಯುತ್ತಿದ್ದ. ಅವನ ಕೈಕೆಲಸ ನೋಡಿದ ದೊಡ್ಡವರೊಬ್ಬರು ದಾರಿ ತೋರಿಸಿದ್ದರಿಂದ ರೆಂಟನ್ನಿನ ವಿಮಾನದ ಕಾರ್ಖಾನೆಗೆ ಬಂದ. ನಮ್ಮಿಬ್ಬರನ್ನೂ ಕರೆತಂದ. ನಾನು ಹೇಳುತ್ತಿರುವ ದಿನಕ್ಕೆ ನಾವು ಬಂದು ಎರಡು ವರ್ಷವಾಗಿತ್ತು. ಅಕ್ಕನಿಗೆ ಹದಿನೈದು, ನನಗೆ ಒಂಬತ್ತು.

ಮೇಲಿನ ಮನೆಯ ಯಜಮಾನರು ಅದೇ ಕಾರ್ಖಾನೆಯಲ್ಲಿ ಅಪ್ಪನ ಪಕ್ಕದ ಯಂತ್ರದಲ್ಲಿ ದುಡಿಯುತ್ತಿದ್ದರು. ಅವರ ಭಾಷೆಯಲ್ಲಿ ಮಾಮನಿಗೆ ಬಾಚಿ ಅನ್ನುತ್ತಾರೆ, ಅತ್ತೆಗೆ ನೇನಿ. ನಾವೂ ಹಾಗೇ ಕರೆಯುತ್ತಿದ್ದೆವು. ಬಾಚಿಯ ಕಾರಿನಲ್ಲಿ ಅಪ್ಪ ಕೆಲಸಕ್ಕೆ ಹೋಗಿಬರುತ್ತಿದ್ದ. ಅವರ ಅಡುಗೆಮನೆಯಲ್ಲೂ ನಮ್ಮ ಹಾಗೆ ಒಣಮೆಣಸಿನಕಾಯಿಯ ಸರ ತೂಗುತ್ತಿತ್ತು. ಬಾಚಿ ನಮ್ಮ ಚಟ್ನಿ ನೆಕ್ಕಿ ಕಣ್ಣೀರು ಒರೆಸಿಕೊಳ್ಳುತ್ತ, “ಇದು ಊಟವಲ್ಲ, ಶಿಕ್ಷೆ!” ಅನ್ನುತ್ತಿದ್ದರು. ಅಪ್ಪ ಅವರ ಕೆಂಪು ಸಾರು ಉಂಡು, “ಬಣ್ಣ ಐತಿ, ಖಾರ ಎಲ್ಲೈತಿ? ಮದುವಿ ಐತಿ, ಹೆಣ್ಣಿಲ್ಲ!” ಎಂದು ನಗುತ್ತಿದ್ದ. ಅದನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನದು. ತಿರುಗಿಸುವಷ್ಟರಲ್ಲಿ ಇಬ್ಬರೂ ನಕ್ಕು ಮುಗಿಸಿರುತ್ತಿದ್ದರು.

ಬಾಚಿ ನನಗೆ ಒಂದು ಉಣ್ಣೆಯ ಕೋಟು ಕೊಡಿಸಿದ್ದರು. ನೀಲಿ ಬಣ್ಣದ್ದು, ಮರದ ಗುಂಡಿಯದ್ದು. ಹಾಕಿಕೊಂಡಾಗಲೆಲ್ಲ ಮೈ ಬೆಚ್ಚಗಾಗುತ್ತಿತ್ತು, ಮನಸ್ಸು ಚುಚ್ಚುತ್ತಿತ್ತು. ಪುಕ್ಕಟೆ ತೊಟ್ಟುಕೊಳ್ಳುವ ಮಂದಿ ನಾವಲ್ಲ ಎಂದು ತೋರಿಸಬೇಕು, ನಮ್ಮ ಮನೆಯಿಂದಲೂ ಮೇಲಕ್ಕೆ ಏನಾದರೂ ಹೋಗಬೇಕು ಎಂದು ನನಗೆ ಹಟ. ಒಂಬತ್ತು ವರ್ಷಕ್ಕೇ ಅಷ್ಟು ಸೊಕ್ಕು.

ಅಕ್ಟೋಬರ್ ತಿಂಗಳ ಒಂದು ಶನಿವಾರ. ಬಾಚಿ, ಅಪ್ಪ ಇಬ್ಬರೂ ಓವರ್‌ಟೈಮ್ ಕೆಲಸಕ್ಕೆ ಹೋಗಿದ್ದರು. ನೇನಿ ಮುಂಗೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಒಂದೇ ಕೈಯಲ್ಲಿ ಬುಟ್ಟಿ ಹಿಡಿದು ಮೆಟ್ಟಿಲಿಳಿದು ಬಂದು, ಬಟ್ಟೆಗಳಿಗೆ ಇಸ್ತ್ರಿ ಮಾಡಿಕೊಡುತ್ತೀಯಾ ಎಂದು ಅಕ್ಕನನ್ನು ಕೇಳಿದರು. ತಳದಲ್ಲಿದ್ದ ಮಡಿಕೆಯೊಂದನ್ನು ಮುಟ್ಟಿ ತೋರಿಸಿ, ಇದು ನಾಳೆಗೆ ಬೇಕು, ನಮ್ಮ ಜನರೆಲ್ಲ ಸೇರುವ ದಿನ, ಎಂದು ತಮ್ಮ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿ ಹೋದರು.

ಅಕ್ಕ ಅದನ್ನು ಬಿಚ್ಚಿದಳು. ಬಾವುಟ. ಮೇಲೆ ಕೆಂಪು, ನಡುವೆ ಬಿಳಿ, ಕೆಳಗೆ ಹಸಿರು. ಮಾಸಿದ ಬಟ್ಟೆ, ಹಳೆಯ ಪೆಟ್ಟಿಗೆಯ ವಾಸನೆ. ನಟ್ಟನಡುವೆ ಊಟದ ತಟ್ಟೆಯಷ್ಟು ದೊಡ್ಡ ತೂತು. ಬಿಳಿಯನ್ನು ತಿಂದು, ಕೆಂಪಿಗೂ ಹಸಿರಿಗೂ ಸ್ವಲ್ಪ ಸ್ವಲ್ಪ ನುಗ್ಗಿತ್ತು.

“ಇಲಿ ಕಡದಾವೇನೋ ಇದನ್ನ?”

“ಇಷ್ಟು ದೊಡ್ಡ ಬಾಯಿ ಇಲೀಗೆಲ್ಲೈತಿ? ಕುದುರಿ ಕಡದಿರಬೇಕು,” ಅಂದೆ. ಅಕ್ಕ ನಗಲಿಲ್ಲ.

ನಮ್ಮ ಕಡೆ ಕೌದಿ ಅಂತ ಇರುತ್ತದೆ ಮಕ್ಕಳೇ. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿ ಹೊಲಿದ ಹೊದಿಕೆ. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವುದರಲ್ಲಿ ಅಮ್ಮನದೇ ಮೊದಲ ಹೆಸರು. “ಅರಿವಿ ಹರದರ ನಾಚಿಕಿ ಇಲ್ಲ, ಹರದದ್ದನ್ನ ಹಂಗ ಬಿಟ್ಟರ ನಾಚಿಕಿ,” ಅನ್ನುತ್ತಿದ್ದಳು. ಅಮ್ಮ ಹೋದ ಮೇಲೆ ಅವಳ ತುಂಡುಗಳ ಗಂಟನ್ನು ಅಕ್ಕ ಸಮುದ್ರ ದಾಟಿಸಿ ತಂದಿದ್ದಳು. ಅದನ್ನು ಬಿಚ್ಚುತ್ತಿದ್ದುದೇ ಅಪರೂಪ.

“ನೇನೀನ ಕೇಳೋಣೇನು?” ಅಂದಳು ಅಕ್ಕ.

“ಬ್ಯಾಡಕ್ಕ. ಕೇಳಿದರ ಬ್ಯಾಡ ಅಂತಾರ. ಸುಮ್ನ ಮಾಡಿ ಕೊಟ್ಟ ಬಿಡೂಣು. ನಾಳೆ ಮಂದಿ ಮುಂದ ಬಾಚಿ ಇದನ್ನ ಹಿಡ್ಕೊಂಡ ನಿಂತರ ನಗೂದಿಲ್ಲೇನು?”

ಬೇಡ ಅಂದವನು ನಾನು. ಇದನ್ನು ನೆನಪಿಡಿ.

ಅಕ್ಕ ಗಂಟು ಬಿಚ್ಚಿದಳು. ಕೆಂಪಿಗೂ ಹಸಿರಿಗೂ ಕುಬಸದ ಖಣದ ಚೂರು ಸಿಕ್ಕವು. ಬಿಳಿಗೆ ಬಹಳ ಹುಡುಕಿದಳು. ಕೊನೆಗೆ ತಳದಿಂದ ಒಂದು ತುಂಡು ತೆಗೆದಳು. ಮದುವೆಯಲ್ಲಿ ಅರಿಶಿನದ ನೀರು ಹಾಕುವಾಗ ಅಮ್ಮ ಉಟ್ಟಿದ್ದ ಸೀರೆಯದು. ಒಂದು ಮೂಲೆಯಲ್ಲಿ ಇನ್ನೂ ಹಳದಿ ಇತ್ತು. ಅಕ್ಕ ಅದನ್ನು ಮೂಗಿಗೆ ಹಿಡಿದು, ಆಮೇಲೆ ಮಂಡಿಯ ಮೇಲೆ ಹರಡಿದಳು.

ತೂತಿನ ಅಂಚು ಮಾತ್ರ ಸೊಟ್ಟಪಟ್ಟ ಇತ್ತು. ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ, ನಡುನಡುವೆ ಎಳೆ ಎದ್ದು ಹಲ್ಲುಹಲ್ಲಾಗಿತ್ತು.

“ಹಿಂಗಿದ್ದರ ತ್ಯಾಪಿ ಕೂಡೂದಿಲ್ಲ,” ಅಂದಳು.

“ನಾ ಕತ್ತರಸ್ತೀನಿ, ಕೊಡು.”

“ಸೊಟ್ಟ ಮಾಡಿದಿ ಅಂದ್ರ ಕೈ ಮುರೀತೀನಿ ನೋಡು.”

ನಾನು ತೂತಿನ ಮೇಲೆ ಅದಕ್ಕಿಂತ ತುಸು ದೊಡ್ಡ ತಟ್ಟೆ ಬೋರಲು ಹಾಕಿ, ಸುತ್ತ ಸೀಮೆಸುಣ್ಣದ ಗೆರೆ ಎಳೆದು, ನಾಲಗೆ ಕಚ್ಚಿಕೊಂಡು ಕತ್ತರಿಸಿದೆ. ಹುಣ್ಣಿಮೆಯ ಚಂದ್ರನಂಥ ಗುಂಡು. ಬಿದ್ದ ಚೂರುಗಳನ್ನು ಗುಡಿಸಿ ಕಟ್ಟಿಗೆ ಒಲೆಗೆ ಹಾಕಿದೆ. ಅವು ಚುರ್ ಎಂದು ಒಂದು ಕ್ಷಣ ಹೊತ್ತಿ ಹೋದವು. ಅಕ್ಕ ಮಧ್ಯಾಹ್ನದ ಊಟ ಬಿಟ್ಟು ಹೊಲಿದಳು. ಹೊಲಿಗೆ ಎಲ್ಲಿದೆ ಎಂದು ಬೆರಳಿಗೆ ಸಿಗಬೇಕೇ ಹೊರತು ಕಣ್ಣಿಗೆ ಕಾಣುವಂತಿರಲಿಲ್ಲ. ಮೇಲೆ ಬಿಸಿ ಇಸ್ತ್ರಿ ಓಡಿಸಿದಾಗ ಬಟ್ಟೆಯಿಂದ ಅರಿಶಿನದ ವಾಸನೆ ಎದ್ದಿತು, ಅಥವಾ ಹಾಗೆ ನನಗನ್ನಿಸಿತು.

ನಾಲ್ಕು ಗಂಟೆಗೆ ಕಾರು ಬಂತು. ನಾನೇ ಮುಂದಾಗಿ, ಎರಡೂ ಕೈಯಲ್ಲಿ ಬಾವುಟ ಹಿಡಿದು ಮೆಟ್ಟಿಲು ಹತ್ತಿದೆ. ಹಿಂದೆ ಅಕ್ಕ. ಬಾಚಿ ಅಡುಗೆಮನೆಯಲ್ಲಿ ಬೂಟು ಕಳಚುತ್ತಿದ್ದರು. ಅಪ್ಪ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಲೆಯ ಮೇಲೆ ಈರುಳ್ಳಿ ಹುರಿಯುತ್ತಿತ್ತು. ನಾನು ಬಾವುಟವನ್ನು ಮೇಜಿನ ಮೇಲೆ ಬಿಡಿಸಿ ಹಾಸಿದೆ. ಶಹಬ್ಬಾಸ್ ಎಂದು ಬೆನ್ನು ತಟ್ಟುತ್ತಾರೆಂದು ಬೆನ್ನು ಸೆಟೆಸಿ ನಿಂತೆ.

ಬಾಚಿಯ ಬೆರಳು ತೇಪೆಯ ಸುತ್ತ ಒಂದು ಸುತ್ತು ಹೋಯಿತು, ಮತ್ತೊಂದು ಸುತ್ತು ಹೋಯಿತು. ಬಾವುಟ ತಿರುವಿ ಹಾಕಿ ಹಿಂದೆ ನೋಡಿದರು.

“ಅಂಚು ಎಲ್ಲಿ?” ಇಂಗ್ಲಿಷಿನಲ್ಲಿ ಕೇಳಿದರು. “ಅಂಚು ಕತ್ತರಿಸಿದ್ದು ಯಾರು?”

ಅಕ್ಕ ನನ್ನ ಕಡೆ ನೋಡಿದಳು. ನಾನು ಅವರ ಬೂಟುಗಳನ್ನು ನೋಡುತ್ತಿದ್ದೆ. ಲಾಡಿ ಬಿಚ್ಚಿದ ಕಂದು ಬೂಟು, ಮೂತಿಗೆ ಎಣ್ಣೆಯ ಕಲೆ. ಈಗಲೂ ಕಣ್ಣ ಮುಂದಿವೆ.

“ನಾನೇ,” ಅಂದಳು ಅಕ್ಕ.

“ಚೂರುಗಳು?”

“ಒಲೆಗೆ ಹಾಕಿದೆ.”

ಬಾಚಿ ಜೇಬಿನಿಂದ ಚಾಕು ತೆಗೆದು ಹೊಲಿಗೆಗೆ ಹಾಕಿದರು. ಅಕ್ಕನ ಅರ್ಧ ದಿನದ ಹೊಲಿಗೆ ಚರಚರನೆ ಬಿಚ್ಚಿತು. ಅಮ್ಮನ ಸೀರೆಯ ತುಂಡು ನೆಲಕ್ಕೆ, ಆ ಬೂಟುಗಳ ಪಕ್ಕಕ್ಕೆ ಬಿತ್ತು.

ಅಪ್ಪನಿಗೆ ಆ ಬಟ್ಟೆಯ ಗುರುತು ಹತ್ತಿದ್ದು ಆಗಲೇ. “ಏ! ಅದು ನನ್ನ ಹೇಣ್ತಿ ಸೀರಿ!” ಎಂದು ಕೂಗಿದ. ಕನ್ನಡದಲ್ಲಿ. ಬಾಚಿ ಅಷ್ಟೇ ಜೋರಾಗಿ ತಮ್ಮ ಭಾಷೆಯಲ್ಲಿ ಕೂಗಿದರು. ಎರಡು ವರ್ಷ ಮುರುಕು ಇಂಗ್ಲಿಷಿನಲ್ಲಿ ಕೂಡಿ ನಕ್ಕವರು ಜಗಳಕ್ಕೆ ತಂತಮ್ಮ ಭಾಷೆಗೆ ಹೋದರು. ನನ್ನನ್ನು ಯಾರೂ ತಿರುಗಿಸಿ ಹೇಳು ಅನ್ನಲಿಲ್ಲ. ಈರುಳ್ಳಿ ಸೀಯುತ್ತಿತ್ತು.

ವಿಷಯ ಬಿಡಿಸಿ ಹೇಳಿದವರು ನೇನಿ. ಅಳುತ್ತ, ಇಂಗ್ಲಿಷ್ ಪದ ಸಿಗದಿದ್ದಲ್ಲಿ ಕೈಸನ್ನೆ ಮಾಡುತ್ತ ಹೇಳಿದರು. ಅವರ ದೇಶದ ಬಾವುಟದ ನಡುವೆ ಮೊದಲು ತೂತಿರಲಿಲ್ಲ. ರಷ್ಯಾದ ಆಸರೆಯಲ್ಲಿ ಆಳುತ್ತಿದ್ದವರು ಅಲ್ಲಿ ತಮ್ಮ ಲಾಂಛನ ಹಾಕಿದ್ದರು, ಸುತ್ತಿಗೆ ಮತ್ತು ಗೋಧಿಯ ತೆನೆ. ಐವತ್ತಾರನೆಯ ಇಸವಿಯ ಅಕ್ಟೋಬರಿನಲ್ಲಿ ಜನ ಬೀದಿಗಿಳಿದು, ಇದು ನಮ್ಮದಲ್ಲ ಎಂದು ಆ ಲಾಂಛನವನ್ನು ಕತ್ತರಿಸಿ ಬಿಸಾಡಿದರು. ಅಂದಿನಿಂದ ತೂತಿನ ಬಾವುಟವೇ ಅವರ ಬಾವುಟ. ಈ ತೂತು ಕತ್ತರಿಸಿದವನು ಬಾಚಿಯ ತಮ್ಮ. ಬುಡಾಪೆಸ್ಟ್ ಊರಿನ ಒಂದು ಕಾರ್ಖಾನೆಯ ಗೇಟಿನ ಹತ್ತಿರ, ಅಣ್ಣನ ಹೆಗಲ ಮೇಲೆ ನಿಂತು, ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಕತ್ತರಿಸಿದ್ದ. ನಗು ತಡೆಯಲಾರದೆ ಕೈ ಅಲುಗಿ ಅಂಚು ಸೊಟ್ಟಗಾಗಿತ್ತು. ಕೆಲವು ದಿನಕ್ಕೆ ರಷ್ಯಾದ ಟ್ಯಾಂಕುಗಳು ಬಂದವು. ಆ ತಮ್ಮನು ಬೀದಿಯಲ್ಲೇ ಸತ್ತ. ಬಾಚಿ ಮತ್ತು ನೇನಿ ಬಾವುಟವನ್ನು ಅಂಗಿಯೊಳಗೆ ಹೊಟ್ಟೆಗೆ ಸುತ್ತಿಕೊಂಡು, ಕೆಸರಿನಲ್ಲಿ ನಡೆದು ಗಡಿ ದಾಟಿದರು. ತಮ್ಮನ ಒಂದು ಫೋಟೋ ಇಲ್ಲ, ಒಂದು ಕಾಗದವಿಲ್ಲ. ಅವನ ಕೈ ಆಡಿದ ಗುರುತು ಅಂತ ಉಳಿದಿದ್ದುದು ಆ ಸೊಟ್ಟ ಅಂಚು.

ತೂತಿನ ಬಗ್ಗೆ ನೇನಿ ಬೆಳಿಗ್ಗೆ ಏನೂ ಹೇಳಿರಲಿಲ್ಲ. ಅವರ ಜನಕ್ಕೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಹರಿದದ್ದನ್ನು ಹಾಗೇ ಬಿಡುವವರೂ ಇರುತ್ತಾರೆಂದು ನಮಗೆ ಗೊತ್ತಿರಲಿಲ್ಲ.

ಅಪ್ಪ ನೆಲದ ಮೇಲಿನ ತುಂಡನ್ನು ಎತ್ತಿ, ಕೊಡವಿ, ಎದೆಯ ಜೇಬಿಗೆ ಹಾಕಿಕೊಂಡ. ನೇನಿ ಹೇಳಿದ್ದೆಲ್ಲ ಅವನಿಗೆ ತಿಳಿದಿತ್ತು. ಒಂದು ಮಾತು ಸಾಕಿತ್ತು. ಆದರೆ ಕೆಳಗೆ ಬಂದು ಅವನು ಆಡಿದ ಮಾತು ಇದು: “ತಪ್ಪಾತು ಅನ್ನಾಕ ನನ್ನ ಮಗಳೇನ ಕಳುವು ಮಾಡ್ಯಾಳೇನು?” ಆಮೇಲೆ ಅಕ್ಕನ ಕಡೆ ತಿರುಗಿ, “ಕತ್ತರಿ ಯಾಕ ಹಚ್ಚಿದಿ?” ಎಂದು ಕೇಳಿದ. ಅಕ್ಕ ಅಮ್ಮನ ಗಂಟನ್ನು ಮತ್ತೆ ಕಟ್ಟತೊಡಗಿದಳು. ನನಗೆ ಅದು ಎರಡನೆಯ ಅವಕಾಶ. ಅದನ್ನೂ ಬಿಟ್ಟೆ.

ಮರುದಿನ ಬಾಚಿ ಬಾವುಟ ಹಿಡಿದು ಹೋಗುವುದನ್ನು ಬೇಸ್‌ಮೆಂಟಿನ ಕಿಟಕಿಯಿಂದ ನೋಡಿದೆ. ತೂತು ಮತ್ತೆ ಇತ್ತು. ಗುಂಡಗೆ, ಚೊಕ್ಕಟವಾಗಿ ಇತ್ತು. ನೋಡಿದವರಿಗೆ ತೂತು ತೂತೇ.

ಅಪ್ಪ ಸೋಮವಾರದಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋದ. ತಿಂಗಳು ತುಂಬುವಷ್ಟರಲ್ಲಿ ನಾವು ಬೇರೆ ಮನೆ ಹಿಡಿದೆವು. ಕಾರ್ಖಾನೆಯಲ್ಲಿ ಇಬ್ಬರೂ ಪಕ್ಕಪಕ್ಕದ ಯಂತ್ರದಲ್ಲೇ ದುಡಿದರು, ಬೇರೆ ಬೇರೆ ಮೇಜಿನಲ್ಲಿ ಉಂಡರು. ನನ್ನ ನೀಲಿ ಕೋಟನ್ನು ಅಪ್ಪ ವಾಪಸು ಕೊಟ್ಟುಬಿಟ್ಟ. ಕೆಲವು ವರ್ಷದ ಮೇಲೆ ಬಾಚಿ ತೀರಿಕೊಂಡರೆಂದು ಯಾರೋ ಹೇಳಿದಾಗ, ಅಪ್ಪ ಆ ದಿನ ಊಟ ಮಾಡಲಿಲ್ಲ. ಮಣ್ಣಿಗೂ ಹೋಗಲಿಲ್ಲ.

ಅಕ್ಕ ಮತ್ತೆ ಸೂಜಿ ಹಿಡಿಯಲಿಲ್ಲ. ಅಮ್ಮನಷ್ಟೇ ಚೆಂದ ಹೊಲಿಯುತ್ತಿದ್ದ ಕೈ, ಅಂಗಿಯ ಗುಂಡಿ ಕಿತ್ತರೂ ಪಿನ್ನು ಚುಚ್ಚಿಕೊಳ್ಳುತ್ತಿತ್ತು. ನನಗೆ ಕನ್ನಡ ಅಕ್ಷರ ತಿದ್ದಿಸಿದವಳು ಅವಳೇ. ಈಗ ಇದನ್ನು ಬರೆಯುತ್ತಿರುವುದೂ ಅವಳು ಕಲಿಸಿದ್ದರಿಂದ. ತೀರಿಕೊಳ್ಳುವ ಮೊದಲು ಒಮ್ಮೆ ಫೋನಿನಲ್ಲಿ ನಾನು ಆ ಮಾತು ಎತ್ತಿದೆ. “ಇರ್ಲಿ ಬಿಡೋ, ನೀ ಸಣ್ಣಾಂವ ಇದ್ದಿ,” ಅಂದಳು. ಆಗ ನನಗೆ ಐವತ್ತು ದಾಟಿತ್ತು. ಸಣ್ಣವನಾಗಿದ್ದಾಗ ಬಾಯಿ ಬಿಡದಿದ್ದವನು ದೊಡ್ಡವನಾದ ಮೇಲೆ ಅಪ್ಪನ ಮುಂದೆ ಯಾಕೆ ಬಾಯಿ ಬಿಡಲಿಲ್ಲ ಎಂದು ಅವಳು ಕೇಳಲಿಲ್ಲ. ಅಪ್ಪ ಸಾಯುವವರೆಗೂ ಅಕ್ಕನೇ ಕತ್ತರಿಸಿದ್ದು ಎಂದು ನಂಬಿದ್ದ.

ಹದಿನಾರಕ್ಕೆ ಶಾಲೆ ಬಿಟ್ಟು ನಾನು ಎವರೆಟ್ ಊರಿನ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡು ಕತ್ತರಿಸುವ ಕೆಲಸಕ್ಕೆ ಸೇರಿದೆ. ನಲವತ್ತು ವರ್ಷ ದುಡಿದೆ. ಒಂದು ತಗಡೂ ಹಾಳು ಮಾಡಲಿಲ್ಲ, ಒಬ್ಬರ ಹತ್ತಿರವೂ ಕೈ ಚಾಚಲಿಲ್ಲ. ಗುಂಡಗೆ ಕತ್ತರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೇಸ್ತ್ರಿ ಹೊಗಳಿದಾಗಲೆಲ್ಲ ಬಾಯಿ ಕಹಿಯಾಗುತ್ತಿತ್ತು.

ಈಗ ನನ್ನ ಮೊಮ್ಮಕ್ಕಳು ಕ್ರಾಸ್‌ರೋಡ್ಸ್ ಎಂಬ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುತ್ತಿದ್ದಾರೆ. ಅವರ ಮನೆಯ ಸೂರು ಕಿರುಗುಟ್ಟುವುದಿಲ್ಲ. ಮೇಲಿನ ಮನೆಯಲ್ಲಿ ಯಾವ ದೇಶದವರಿದ್ದಾರೆಂದು ಅವರಿಗೆ ಗೊತ್ತಿಲ್ಲ. ಅಂಗಿ ಹರಿದರೆ ಹೊಸದು ಬಾಗಿಲಿಗೇ ಬರುತ್ತದೆ. ಅವರ ಒಂದೊಂದು ಹುಟ್ಟುಹಬ್ಬಕ್ಕೆ ನೂರು ಫೋಟೋ. ಮೊನ್ನೆ ಈ ಕಥೆ ಹೇಳಿ ಮುಗಿಸಿದಾಗ ಕಿರಿಯ ಮೊಮ್ಮಗಳು ಟ್ಯಾಬ್ಲೆಟ್ಟಿನಿಂದ ಕಣ್ಣು ಎತ್ತಿ, “ಅಜ್ಜಾ, ಯು ಶುಡ್ ಹ್ಯಾವ್ ಜಸ್ಟ್ ಸೆಡ್ ಸಾರಿ! ಇಟ್ಸ್ ಸೋ ಈಸಿ!” ಅಂದಳು.

ಅವಳಿಗೆ ಸುಲಭವೇ. ದಿನಕ್ಕೆ ಹತ್ತು ಸಲ ಅನ್ನುತ್ತಾಳೆ. ಮೆಟ್ಟಿಲಲ್ಲಿ ಎದುರಾದವರಿಗೆ, ತಮ್ಮನಿಗೆ, ಬಾಲ ತುಳಿದರೆ ಬೆಕ್ಕಿಗೆ. ನಮ್ಮ ಮನೆಯಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ. ತಲೆ ತಗ್ಗಿಸದೆ ಬದುಕಬೇಕು ಅನ್ನುವುದನ್ನು ಮಾತ್ರ ಅಪ್ಪನಿಂದ ಕಲಿತೆ, ಚೆನ್ನಾಗಿ ಕಲಿತೆ. ಐವತ್ತು ವರ್ಷ ದಾಟಿದ ಮೇಲೆ ಇವತ್ತು ಬರೆಯುತ್ತಿದ್ದೇನೆ: ಆ ಅಂಚು ಕತ್ತರಿಸಿದ್ದು ಅಕ್ಕ ಅಲ್ಲ, ನಾನು. ಕೇಳಬೇಕಾದವರು ಒಬ್ಬರೂ ಉಳಿದಿಲ್ಲ. ನಿಮಗೆ ಹೇಳಿದ್ದೇನೆ, ನನ್ನ ಭಾರವೇನೂ ಹಗುರಾಗಿಲ್ಲ.