ಒಂದೇ ಕಿವಿಗೆ ಮೂರು ಸಲ ಮುಲಾಮು

ನನ್ನ ಉದ್ಯೋಗ ಕೈಪಿಡಿ ಬರೆಯುವುದು. ಹೊಸ ಯಂತ್ರ ಕೊಂಡು ಡಬ್ಬ ಬಿಚ್ಚಿದಾಗ ಒಳಗೆ ಮಡಿಸಿಟ್ಟ ಹಾಳೆಯೊಂದು ಸಿಗುತ್ತದಲ್ಲ, ಮೊದಲು ಈ ಗುಂಡಿ ಒತ್ತಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಮಕ್ಕಳಿಂದ ದೂರವಿಡಿ ಎಂದೆಲ್ಲ, ಅದನ್ನು ಬರೆಯುವ ಮಹಾನುಭಾವ ನಾನೇ. ಅಮೆರಿಕದ ವಾಲ್ನಟ್ ಕ್ರೀಕ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ವರ್ಷಗಟ್ಟಲೆಯಿಂದ ಇದನ್ನೇ ಮಾಡುತ್ತಿದ್ದೇನೆ. ಆ ಹಾಳೆಯನ್ನು ಯಾರೂ ಓದುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಬೇರೆಯವರು ಬರೆದದ್ದನ್ನು ನಾನೂ ಓದುವುದಿಲ್ಲ.

ಸ್ಯಾನ್ ಹೊಸೆಯಲ್ಲಿರುವ ನನ್ನ ಅಕ್ಕನಿಗೆ ಒಬ್ಬಳೇ ಮಗಳು. ಅವಳು ಹುಟ್ಟಿದ ವರ್ಷ ಲಾಕ್‌ಡೌನ್ ಎಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿತ್ತು. ಹಾಗಾಗಿ ಕಿವಿ ಚುಚ್ಚುವ ಶಾಸ್ತ್ರ ಆಗಲಿಲ್ಲ. ಆಮೇಲೆ ಇವತ್ತು ನಾಳೆ ಎಂದು ಮುಂದೂಡಿ ಹುಡುಗಿಗೆ ಆರು ತುಂಬಿತು. ಈ ವರ್ಷ ಮೈಸೂರಿನಿಂದ ಬಂದ ನಮ್ಮಮ್ಮ, ಮೊಮ್ಮಗಳ ಬೋಳು ಕಿವಿಯನ್ನು ಏರ್‌ಪೋರ್ಟಿನಲ್ಲೇ ಎರಡೂ ಕಡೆ ತಿರುಗಿಸಿ ನೋಡಿ, ವಾಪಸ್ ಹೋಗುವುದರೊಳಗೆ ಇದೊಂದು ಮುಗಿಯಲೇಬೇಕು ಎಂದು ಹಟ ಹಿಡಿದಳು. ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ನಮ್ಮ ಮನೆಯ ದಾಸ್ತಾನಿನಲ್ಲಿರುವ ಸೋದರಮಾವ ನಾನೊಬ್ಬನೇ. ಸೂಜಿ ಎಂಬ ಮಾತು ಕೇಳಿದರೇ ಅಂಗೈ ಬೆವರುವ ಪ್ರಾಣಿ.

ಆರು ತಿಂಗಳ ಮಗುವಾದರೆ ಅತ್ತು ಸುಮ್ಮನಾಗುತ್ತದೆ. ಆರು ವರ್ಷದವಳು ಪ್ರಶ್ನೆ ಕೇಳುತ್ತಾಳೆ. ಅಮ್ಮ, ಅಜ್ಜಿ ಇಬ್ಬರನ್ನೂ ಬಿಟ್ಟು ಅವಳು ನನ್ನನ್ನೇ ಹಿಡಿದಳು.

“ಮಾಮ, ವಿಲ್ ಇಟ್ ಹರ್ಟ್?”

“ಇಲ್ಲ ಪುಟ್ಟಿ, ಸ್ವಲ್ಪಾನೂ ನೋವಾಗಲ್ಲ. ಒಂದು ಮ್ಯಾಜಿಕ್ ಕ್ರೀಮ್ ಇದೆ. ಹಚ್ಚಿದ್ರೆ ಕಿವಿಗೆ ನಿದ್ದೆ ಬಂದ್ಬಿಡತ್ತೆ.”

“ಪ್ರಾಮಿಸ್?”

“ಪ್ರಾಮಿಸ್.”

ಕಿರುಬೆರಳಿಗೆ ಕಿರುಬೆರಳು ಸೇರಿಸಿ ಒಪ್ಪಂದವಾಯಿತು. ಅವಳು ಹೂಂ ಎಂದದ್ದು ಆ ಒಂದು ಮಾತಿನ ಮೇಲೆ. ಅಕ್ಕ ನನ್ನತ್ತ ನೋಡಿದ ನೋಟದಲ್ಲಿ, ಮೊದಲು ನಿನಗೆ ಗ್ಯಾರಂಟಿ ಕೊಡುವವರು ಯಾರು ಎಂಬ ಪ್ರಶ್ನೆ ಇತ್ತು. ನಾನು ಗಮನಿಸದವನಂತೆ ಕಾಫಿ ಕುಡಿದೆ.

ಮಾರನೇ ದಿನ ಔಷಧದ ಅಂಗಡಿಯಲ್ಲಿ ಚರ್ಮ ಜೋಮು ಹಿಡಿಸುವ ಕ್ರೀಮಿನ ಟ್ಯೂಬು ಕೊಂಡೆ. ಡಾಕ್ಟರ ಚೀಟಿ ಬೇಕಿಲ್ಲ, ಟೂತ್‌ಪೇಸ್ಟಿನ ಪಕ್ಕದ ಸಾಲಿನಲ್ಲೇ ಸಿಗುತ್ತದೆ. ಟೂತ್‌ಪೇಸ್ಟಿನ ಪಕ್ಕ ಇಟ್ಟ ವಸ್ತು ಇನ್ನೇನು ಮಾಡೀತು ಎಂಬುದು ನನ್ನ ತರ್ಕ. ಡಬ್ಬದೊಳಗಿನ ಹಾಳೆಯನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿ ಟ್ಯೂಬನ್ನು ಅಕ್ಕನ ಮನೆಗೆ ತಲುಪಿಸಿದೆ. ಒಂದು ಗಂಟೆ ಮುಂಚೆ ಹಚ್ಚಬೇಕು ಎಂದಷ್ಟೇ ಹೇಳಿದೆ. ಎಷ್ಟು, ಎಲ್ಲಿ, ಯಾರು, ಎಷ್ಟು ಸಲ ಎಂದು ಹೇಳಲಿಲ್ಲ. ನನ್ನ ಕೈಪಿಡಿಯಲ್ಲಿ ಬೇರೆ ಯಾರಾದರೂ ಇಂಥ ತೂತು ಬಿಟ್ಟಿದ್ದರೆ ಕೆಂಪು ಶಾಯಿಯಲ್ಲಿ ಜನ್ಮ ಜಾಲಾಡುತ್ತಿದ್ದೆ.

ಮಕ್ಕಳ ಕ್ಲಿನಿಕ್ಕಿನಲ್ಲಿ ಶನಿವಾರ ಹತ್ತೂವರೆಗೆ ಸಮಯ ಸಿಕ್ಕಿತು. ಅಮ್ಮ ಮೈಸೂರಿನ ಪುರೋಹಿತರಿಗೆ ಫೋನು ಮಾಡಿ ಇಲ್ಲಿಯ ಸೂರ್ಯೋದಯ ಹೇಳಿ ಲೆಕ್ಕ ಹಾಕಿಸಿದಳು. ಹತ್ತೂವರೆ ಪ್ರಶಸ್ತವಾಗಿದೆ ಎಂದರು. ಅಮ್ಮನಿಗೆ ಅಮೆರಿಕದ ಬಗ್ಗೆ ಗೌರವ ಹುಟ್ಟಿದ್ದು ಅವತ್ತೇ.

ಶನಿವಾರ ಬೆಳಗ್ಗೆ ಆದದ್ದನ್ನು ನಾವು ಆಮೇಲೆ ಮೂವರೂ ಕೂತು ಜೋಡಿಸಿಕೊಂಡೆವು. ಎಂಟೂವರೆಗೆ ಅಕ್ಕ ಮಗಳ ಎರಡೂ ಕಿವಿಗೆ ಕ್ರೀಮು ಬಳಿದು, ಯಾವುದೋ ವಿಡಿಯೋದಲ್ಲಿ ನೋಡಿದಂತೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಸೀರೆ ಇಸ್ತ್ರಿ ಮಾಡಲು ಮಹಡಿಗೆ ಹೋದಳು. ಒಂಬತ್ತಕ್ಕೆ ಅಮ್ಮ ಮೊಮ್ಮಗಳನ್ನು ಬಚ್ಚಲಿಗೆ ಎಳೆದುಕೊಂಡು ಹೋದಳು. ಶುಭದಿನ ತಲೆಗೆ ಎರೆಯದೆ ಕಳಿಸುವುದುಂಟೇ? ಪ್ಲಾಸ್ಟಿಕ್ ಕಿತ್ತು, ಎಣ್ಣೆ ಹಚ್ಚಿ, ಬಿಸಿಬಿಸಿ ನೀರು ಹುಯ್ದು ಮೈಯೆಲ್ಲ ಕೆಂಪಾಗುವಂತೆ ತಿಕ್ಕಿದಳು. ಕ್ರೀಮು ತೊಳೆದುಹೋಯಿತಲ್ಲ ಎಂದು ಹೊಳೆದದ್ದು ಆಮೇಲೆ. ಮಗಳು ಬೈದಾಳು ಎಂದು ಯಾರಿಗೂ ಹೇಳದೆ ತಾನೇ ಟ್ಯೂಬು ಹಿಂಡಿದಳು. ಅಮ್ಮನ ಕೈ ದೊಡ್ಡದು. ಹರಳೆಣ್ಣೆ ಹಚ್ಚಿದ ಹಾಗೆ ಕಿವಿಯ ಮುಂದೆ, ಹಿಂದೆ, ಕತ್ತಿನವರೆಗೆ ಬಳಿದಳು.

ಒಂಬತ್ತೂ ಮುಕ್ಕಾಲಿಗೆ ನಾನು ಫ್ರೀವೇ ಇಳಿದು ಬಂದೆ. ಹುಡುಗಿ ಜರಿಲಂಗ ಉಟ್ಟು ಸೋಫಾದ ಮೇಲೆ ಕೂತಿದ್ದಳು. ಕ್ರೀಮು ಅಷ್ಟರಲ್ಲಿ ಹೀರಿಕೊಂಡು ಕಿವಿ ಬರಿದಾಗಿ ಕಾಣುತ್ತಿತ್ತು. ಇವರು ಹಚ್ಚುವುದನ್ನೇ ಮರೆತಿದ್ದಾರೆ, ಇನ್ನು ನನ್ನ ಮಾನ ಉಳಿಯುವುದಿಲ್ಲ ಎಂದುಕೊಂಡೆ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ತಡವಾಗಿದೆ ಎಂದು ಎರಡು ಪಾಲು ಹಚ್ಚಿದೆ.

ಅಮ್ಮ ಒಂದು ಬಟ್ಟಲಿನಲ್ಲಿ ಸಜ್ಜಿಗೆ ತಂದು ಮೊದಲ ಚಮಚ ಬಾಯಿಯ ಹತ್ತಿರ ಹಿಡಿದಳು. ಹುಡುಗಿ ಮುಖ ತಿರುಗಿಸಿ ನನ್ನನ್ನು ನೋಡಿದಳು.

“ಮಾಮ, ಐ ಕಾಂಟ್ ಫೀಲ್ ಮೈ ಟಂಗ್.”

ಕಿವಿಗೆ ಹಚ್ಚಿದರೆ ನಾಲಿಗೆಗೆ ಜೋಮು ಹೇಗೆ ಹಿಡಿಯಿತು? ತಮಾಷೆ ಮಾಡುತ್ತಿದ್ದಾಳೆ ಎಂದು ಒಂದು ಕ್ಷಣ ಆಸೆಪಟ್ಟೆ. ಆದರೆ ಅವಳ ಕೆಳತುಟಿ ಸಡಿಲಾಗಿ ಜೊಲ್ಲು ಇಳಿಯುತ್ತಿತ್ತು, ಮತ್ತು ಅದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅಕ್ಕ ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿ ಬಂದಳು. ಇಂಥ ಸಂದರ್ಭಕ್ಕೆಂದೇ ಇರುವ ಸಹಾಯವಾಣಿಗೆ ಕರೆ ಮಾಡಿ ಫೋನನ್ನು ಸ್ಪೀಕರಿಗೆ ಹಾಕಿದಳು.

ಆ ಕಡೆಯ ಹೆಂಗಸಿನ ದನಿ ಬಹಳ ಸಮಾಧಾನದ್ದು. ಸಜ್ಜಿಗೆ ದೂರವಿಡಿ, ಬಾಯಿ ಜೋಮು ಹಿಡಿದಾಗ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದಳು. ಬಾಯಿ ಮುಕ್ಕಳಿಸಿ ಉಗುಳಿಸಿ, ಚರ್ಮವನ್ನು ಸೋಪು ನೀರಿನಲ್ಲಿ ಒರೆಸಿ ಎಂದಳು. ಮಗುವಿನ ತೂಕ ಕೇಳಿದಳು. ಆಮೇಲೆ, ಎಷ್ಟು ಹಚ್ಚಿದ್ದೀರಿ, ಯಾವಾಗ, ಎಂದು ಕೇಳಿದಳು.

“ಎಂಟೂವರೆಗೆ. ಸ್ವಲ್ಪ. ನಾನು ಹಚ್ಚಿದೆ,” ಎಂದಳು ಅಕ್ಕ.

“ಒಂಬತ್ತೂ ಮುಕ್ಕಾಲಿಗೆ,” ಎಂದೆ ನಾನು. “ಸ್ವಲ್ಪ ಜಾಸ್ತಿ.”

ಅಕ್ಕ ನನ್ನನ್ನು ನುಂಗುವ ಹಾಗೆ ನೋಡಿದಳು. ಟ್ಯೂಬು ಎತ್ತಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಇಬ್ಬರೂ ಸೇರಿ ಅಮ್ಮನ ಕಡೆ ತಿರುಗಿದೆವು. ಅಮ್ಮ ಸಜ್ಜಿಗೆಯಲ್ಲಿ ದ್ರಾಕ್ಷಿ ಎಣಿಸುತ್ತಿದ್ದಳು.

“ಅಮ್ಮ?”

“ನೀರು ಹಾಕಿದಾಗ ತೊಳೆದು ಹೋಯ್ತು ಕಣೇ. ಅದಕ್ಕೇ ಒಂಚೂರು ಹಚ್ದೆ.”

“ಬಾಯಿಗೆ ಹೇಗಮ್ಮ ಹೋಯ್ತು?”

ಅಮ್ಮ ಚಮಚ ಕೆಳಗಿಟ್ಟಳು. “ಮೂಗಿಗೂ ಹಚ್ಚಿದೀನಿ.”

“ಮೂಗಿಗ್ಯಾಕೆ?”

“ಹೇಗೂ ಹೋಗ್ತಿದೀವಲ್ಲ. ಅಲ್ಲೇ ಆ ನರ್ಸಿಗೆ ಹೇಳಿ ಮೂಗೂ ಚುಚ್ಚಿಸಿಬಿಡೋಣ ಅಂತ.”

“ಅಮ್ಮಾ!”

ಮೂಗಿನಿಂದ ತುಟಿಗಿಳಿದ ಕ್ರೀಮನ್ನು ಹುಡುಗಿ ನೆಕ್ಕುತ್ತ ಕೂತಿದ್ದಳು. ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ವರದಿ ಮಾಡಿದೆ. ಮೂಗಿನ ಗುಪ್ತ ಯೋಜನೆಯನ್ನೂ ಬಿಡಲಿಲ್ಲ. ಫೋನಿನ ಹೆಂಗಸು, ಮನೆಯಲ್ಲಿ ಇನ್ನು ಯಾರಾದರೂ ಇದ್ದಾರೆಯೇ, ಅವರೂ ಹಚ್ಚಿದ್ದಾರೆಯೇ, ಎಂದು ಕೇಳಿದಳು. ಭಾವ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದು ನಮ್ಮ ಪುಣ್ಯ.

ಆಮೇಲೆ ಅವಳು ಹೇಳಿದ್ದು ತಮಾಷೆಯದ್ದಾಗಿರಲಿಲ್ಲ. ಚರ್ಮದ ಮೇಲೆ ಹಚ್ಚಿದ ಔಷಧ ಅಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೂ ಹೋಗುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಇನ್ನೂ ಹೆಚ್ಚು, ಬಿಸಿಯಾದ ಚರ್ಮವಾದರೆ ಇನ್ನೂ ಹೆಚ್ಚು, ಅದರ ಮೇಲೆ ನುಂಗಿದ್ದು ಬೇರೆ. ಮಕ್ಕಳ ಸಣ್ಣ ಮೈಗೆ ಅದು ಬೇಗ ಅತಿಯಾಗುತ್ತದೆ. ತೂಕಡಿಸುತ್ತಾಳೆಯೇ, ತಲೆ ಸುತ್ತುತ್ತದೆಯೇ, ವಾಂತಿಯಾಗುತ್ತದೆಯೇ, ತುಟಿಯ ಬಣ್ಣ ಬದಲಾಗುತ್ತದೆಯೇ ನೋಡುತ್ತಿರಿ. ಕೈಕಾಲು ಅದುರಿದರೆ, ಉಸಿರು ಕಷ್ಟವಾದರೆ ನನಗೆ ಫೋನು ಮಾಡಬೇಡಿ, ಸೀದಾ ಆಂಬುಲೆನ್ಸ್ ಕರೆಯಿರಿ. ಇಷ್ಟು ಹೇಳಿ, ಒಂದು ಗಂಟೆ ಬಿಟ್ಟು ತಾನೇ ಕರೆ ಮಾಡುವುದಾಗಿ ಹೇಳಿ ಇಟ್ಟಳು.

ಆ ಒಂದು ಗಂಟೆ ನಾನು ಅವಳ ತುಟಿಯನ್ನೇ ನೋಡುತ್ತ ಕೂತೆ. ನನಗೆ ಅಷ್ಟು ಭಯವಾದದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ. ಕಿಟಕಿಯಿಂದ ಬಿಸಿಲು ಸರಿದಾಗೆಲ್ಲ ತುಟಿಯ ಬಣ್ಣ ಬದಲಾದಂತೆ ಕಂಡು, ಎದ್ದು ದೀಪ ಹಾಕುತ್ತಿದ್ದೆ. ಅಮ್ಮ ದೇವರ ಗೂಡಿನ ಮುಂದೆ ಕೂತು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಳು. ಹುಡುಗಿ ಮಾತ್ರ ಟ್ಯಾಬ್ಲೆಟ್ಟಿನಲ್ಲಿ ಬೆಕ್ಕಿನ ಆಟ ಆಡುತ್ತ, ನಡುನಡುವೆ ನಾಲಿಗೆಯನ್ನು ಬೆರಳಿನಿಂದ ಎಳೆದು ಪರೀಕ್ಷೆ ಮಾಡುತ್ತಿದ್ದಳು. ಹನ್ನೊಂದೂ ಕಾಲಿಗೆ “ಇಟ್ಸ್ ಬ್ಯಾಕ್” ಎಂದು ಘೋಷಿಸಿ ಸಜ್ಜಿಗೆ ಕೇಳಿದಳು. ಅಕ್ಕ ಅವಳನ್ನು ಅಪ್ಪಿಕೊಂಡು ಅತ್ತಳು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಸಹಾಯವಾಣಿಯ ಹೆಂಗಸು ಮತ್ತೆ ಕರೆ ಮಾಡಿ ಇನ್ನು ಭಯವಿಲ್ಲ ಎಂದಳು; ಕ್ಲಿನಿಕ್ಕಿನ ಸಮಯ ಅಷ್ಟರಲ್ಲಿ ಮೀರಿಹೋಗಿತ್ತು. ನಾನು ನನ್ನ ಮನೆಗೆ ಹೊರಡುವಾಗ ಹುಡುಗಿ ನನ್ನನ್ನು ಬಾಗಿಲಲ್ಲಿ ತಡೆದಳು.

“ಮಾಮ, ಡಿಡ್ ಯು ನೋ? ಇಟ್ ವಾಸ್ ಸೇಫ್ ಅಂತ ನಿಂಗೆ ಗೊತ್ತಿತ್ತಾ?”

“ಇಲ್ಲ ಪುಟ್ಟಿ. ಗೊತ್ತಿರ್ಲಿಲ್ಲ.”

“ದೆನ್ ವೈ ಡಿಡ್ ಯು ಪ್ರಾಮಿಸ್?”

ಅವಳು ಒಳಗೆ ಹೋದಳು. ಅದಾದ ಮೇಲೆ ಎರಡು ವಾರ ನನ್ನೊಂದಿಗೆ ಮಾತಿಲ್ಲ. ವಿಡಿಯೋ ಕಾಲು ಮಾಡಿದರೆ ಕ್ಯಾಮೆರಾವನ್ನು ಫ್ಯಾನಿನ ಕಡೆ ತಿರುಗಿಸಿ ಹೋಗುತ್ತಿದ್ದಳು. ಅಕ್ಕ ಬೈದಳು, ಅದನ್ನು ತಡೆದುಕೊಂಡೆ. ಈ ಫ್ಯಾನನ್ನು ತಡೆದುಕೊಳ್ಳಲಾಗಲಿಲ್ಲ. ಹುಟ್ಟಿದಾಗಿನಿಂದ ನಾನು ಹೇಳಿದ್ದೆಲ್ಲ ನಿಜ ಎಂದು ನಂಬಿದ್ದವಳು ಅವಳೊಬ್ಬಳೇ. ಅದು ಹೋಯಿತಲ್ಲ ಎಂದು ಬಹಳ ಸಂಕಟಪಟ್ಟೆ.

ಆ ಎರಡು ವಾರದಲ್ಲಿ ನಾನು ಅದೇ ಕ್ರೀಮಿನ ಇನ್ನೊಂದು ಡಬ್ಬ ತಂದು ಒಳಗಿನ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಾವು ಮಾಡಿದ್ದೆಲ್ಲ ಅದರಲ್ಲಿತ್ತು, ಮಾಡಬೇಡಿ ಎಂಬ ಪಟ್ಟಿಯಲ್ಲಿ. ತೆಳುವಾಗಿ ಹಚ್ಚಿ, ಬೇಕಾದಷ್ಟೇ ಜಾಗಕ್ಕೆ ಹಚ್ಚಿ, ಬಾಯಿ ಕಣ್ಣಿಗೆ ತಾಗಿಸಬೇಡಿ, ಗಾಯದ ಮೇಲೆ ಬೇಡ, ಬಿಗಿಯಾಗಿ ಸುತ್ತಬೇಡಿ, ಚಿಕ್ಕ ಮಕ್ಕಳಿಗಾದರೆ ಡಾಕ್ಟರನ್ನು ಕೇಳಿ. ಅಕ್ಷರ ಸಾಸಿವೆ ಗಾತ್ರದ್ದು, ಬರವಣಿಗೆ ಮಾತ್ರ ಚೊಕ್ಕ. ಮನೆಯಲ್ಲಿ ಸೋದರಮಾವ ಇದ್ದರೆ ಎಚ್ಚರ ಎಂಬ ಒಂದು ಸಾಲು ಬಿಟ್ಟರೆ ಸೇರಿಸಬೇಕಾದದ್ದೇನೂ ಕಾಣಲಿಲ್ಲ.

ಮೂರನೇ ವಾರ ಅಕ್ಕನ ಫೋನು ಬಂತು. ಹುಡುಗಿ ಕಿವಿ ಚುಚ್ಚಿಸಿಕೊಳ್ಳಲು ಒಪ್ಪಿದ್ದಾಳೆ, ಆದರೆ ಒಂದು ಷರತ್ತು. ಮೊದಲು ಮಾಮನಿಗೆ ಚುಚ್ಚಬೇಕು. ಎರಡೂ ಕಿವಿ. ಅವಳಿಗೆ ಎಷ್ಟು ಕ್ರೀಮೋ ಮಾಮನಿಗೂ ಅಷ್ಟೇ.

ಅಮ್ಮನ ಸಂತೋಷ ಹೇಳತೀರದು. “ಚಿಕ್ಕೋನಿದ್ದಾಗ್ಲೇ ಆಗ್ಬೇಕಿತ್ತು ಕಣೋ ನಿಂಗೆ. ಅಕ್ಕಸಾಲಿ ಆಚಾರ್ರು ಸೂಜಿ ತೆಗೆಯೋದೇ ತಡ, ಅವರ ಬೆರಳು ಕಚ್ಚಿ ಓಡಿಹೋದೆ. ಈಗಲಾದ್ರೂ ಆಗ್ಲಿ.”

ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಹಿಂದಿನ ಕಥೆಯೆಲ್ಲ ಹೇಳಿದೆವು. ಈ ಸಲ ಕ್ರೀಮು ಹಚ್ಚಿದ್ದು ನರ್ಸ್ ಒಬ್ಬಳೇ. ಕಿವಿಯ ಹಾಲೆಗೆ ಮಾತ್ರ, ಕಡಲೆಕಾಳಿಗಿಂತ ಕಡಿಮೆ. ಹಚ್ಚಿದ ಗಳಿಗೆಯನ್ನು ಚೀಟಿಯಲ್ಲಿ ಬರೆದಳು, ಹೊತ್ತಾದ ಮೇಲೆ ಒರೆಸಿದಳು. ಅಮ್ಮನ ಕೈಚೀಲವನ್ನು ಅಕ್ಕ ಮೊದಲೇ ತಪಾಸಣೆ ಮಾಡಿದ್ದಳು. ನಂತರ ನಾನು ಕುರ್ಚಿಯಲ್ಲಿ ಕೂತೆ. ಮೊದಲ ಕಿವಿಗೆ ಆದದ್ದನ್ನು ಸಭ್ಯ ಭಾಷೆಯಲ್ಲಿ ಬರೆಯಲಾರೆ. ಎರಡನೆಯದು ಹಗುರವಾಗಿರುತ್ತದೆ ಎಂದು ನರ್ಸ್ ಹೇಳಿದಳು. ಆಗಲಿಲ್ಲ. ಹುಡುಗಿ ಎದುರಿಗೆ ನಿಂತು, ಕಣ್ಣು ಮಿಟುಕಿಸದೆ, ನನ್ನ ಮುಖವನ್ನು ಪೂರ್ತಿ ಓದಿದಳು.

ಆಮೇಲೆ ನನ್ನ ತೊಡೆಯ ಮೇಲೆ ಹತ್ತಿ ಕೂತಳು. ಅಮ್ಮ ಅಕ್ಷತೆ ಹಾಕಿದಳು. ನರ್ಸ್ ಬಲಗಿವಿಗೆ ಚುಚ್ಚಿದಾಗ ಹುಡುಗಿ ಕಿರುಚಿದಳು, ನನ್ನ ಅಂಗಿಯ ತೋಳನ್ನು ಹಿಡಿದು ಜಗ್ಗಿದಳು, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ನರ್ಸ್ ಅವಳ ಕೆನ್ನೆ ಒರೆಸಿ, ಆಯಿತು ಬಂಗಾರಿ, ಇನ್ನೊಂದು ಗೊತ್ತೇ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ರಮಿಸಿದಳು.

ಹುಡುಗಿ ಕತ್ತು ಹೊರಳಿಸಿ ನನ್ನ ಮುಖ ನೋಡಿದಳು.

“ಮಾಮ?”

“ನೋವಾಗತ್ತೆ ಪುಟ್ಟಿ,” ಎಂದೆ. “ಈ ಕಿವಿಗೆ ಆದಷ್ಟೇ ಆಗತ್ತೆ.”

ಅವಳು ಮೂಗೇರಿಸಿಕೊಂಡು, ನನ್ನ ಎದೆಗೆ ಹಣೆಯೊರಗಿಸಿ, ಇನ್ನೊಂದು ಕಿವಿಯನ್ನು ನರ್ಸಿನ ಕಡೆಗೆ ಕೊಟ್ಟಳು.