ಬೋರಲು ಹಾಕಿದ ರೆಪ್ಪೆ

ಹೊಟ್ಟೆಕಿಚ್ಚಿಲ್ಲದ ಮನುಷ್ಯರಿಲ್ಲ. ಆದರೆ "ನನಗೆ ಹೊಟ್ಟೆಕಿಚ್ಚು" ಎಂದು ಎಲ್ಲರೆದುರು ನಿಂತು ಹೇಳಿದವರನ್ನು ನೀವು ಕಂಡಿದ್ದೀರಾ? ಬೊಂಬೆಯಕ್ಕ ಹೇಳಿದಳು. ಅವಳ ಕಥೆ ಹೇಳುವುದು ಅದಕ್ಕೇ. ಬೇರೆ ದೊಡ್ಡ ಕಾರಣ ಏನಿಲ್ಲ.

ಅವಳು ಮೊದಲು ಬೊಂಬೆ ಕಾರ್ಖಾನೆಯಲ್ಲಿದ್ದಳು. ಬೊಂಬೆಗಳಿಗೆ ಕಣ್ಣು ಬರೆಯುವ ಕೆಲಸ. ಬೋಳು ಮುಖಗಳು ಸಾಲಾಗಿ ಬರುತ್ತಿದ್ದವು, ಇವಳು ಸಣ್ಣ ಕುಂಚ ಹಿಡಿದು ಕಣ್ಣು ಬಿಡಿಸುತ್ತಿದ್ದಳು. ಕಣ್ಣು ಕೆಟ್ಟರೆ ಬೊಂಬೆಯನ್ನು ಅಲ್ಲಿ ಎಸೆಯುತ್ತಿರಲಿಲ್ಲ. ಮುಖ ಕೆಳಗೆ ಮಾಡಿ ಮೇಜಿನ ಮೂಲೆಯಲ್ಲಿ ಬೋರಲು ಹಾಕುತ್ತಿದ್ದರು. ಬಿಡುವಾದಾಗ ಒರೆಸಿ ಮತ್ತೆ ಬರೆಯುವುದು. ಕಾರ್ಖಾನೆ ಮುಚ್ಚಿತು. ಆ ಅಭ್ಯಾಸ ಮಾತ್ರ ಅವಳ ಕೈಯಲ್ಲಿ ಉಳಿಯಿತು.

ಆಗ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಹೊಸ ಕಂಪನಿಯೊಂದು ಶುರುವಾಗಿತ್ತು. ಪುಟ್ಟ ಮಕ್ಕಳು ಮೊಬೈಲಿನಲ್ಲಿ ಆಡುತ್ತಾ ಅಕ್ಷರ ಕಲಿಯುವ ಆಟ ಮಾಡುವ ಕಂಪನಿ. ಅದನ್ನು ಕಟ್ಟಿದವನು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ, ಹಾಗಾಗಿ ಎಲ್ಲರಿಗೂ ಅವನು ಹೆಡ್ಮೇಷ್ಟ್ರು. ಚಿತ್ರಗಳನ್ನು ಕುಣಿಸುವ ಪ್ರೋಗ್ರಾಂ ಬರೆಯುವ ಹುಡುಗಿಗೆ ಕೀಲಿ ಎಂದು ಹೆಸರು. ಪ್ರಾಣಿಗಳಿಗೆಲ್ಲ ದನಿ ಕೊಡುವವನು ಗಂಟಲು. ಚಿತ್ರ ಬರೆಯಲು ಬೊಂಬೆಯಕ್ಕ ಸೇರಿಕೊಂಡಳು. ಕಂಪ್ಯೂಟರ್ ಮುಟ್ಟಲು ಮೊದಮೊದಲು ಹೆದರುತ್ತಿದ್ದಳು. ಆಮೇಲೆ ಅದೂ ಒಂದು ಕುಂಚವೇ ಆಯಿತು.

ಆ ಆಟದಲ್ಲಿ ಅಕ್ಷರ ಹೇಳಿಕೊಡುವುದು ಒಂದು ಕಾಗೆ. ಅದು ಅಕ್ಕನ ಕಾಗೆ. ಆಟ ಜನರಿಗೆ ಗೊತ್ತಾಗಿದ್ದೇ ಆ ಕಾಗೆಯಿಂದ. ಬಸ್ಸಿನಲ್ಲಿ ಯಾವುದಾದರೂ ಮಗು ಅದನ್ನು ನೋಡುತ್ತಾ ಕೂತಿದ್ದರೆ ಅಕ್ಕ ಇಳಿಯುವ ನಿಲ್ದಾಣವನ್ನೇ ಮರೆಯುತ್ತಿದ್ದಳು.

ಕಂಪ್ಯೂಟರಿನಲ್ಲಿ ಕಾಗೆಯನ್ನು ಇಡಿಯಾಗಿ ಬರೆಯುವುದಿಲ್ಲ. ರೆಕ್ಕೆ ಬೇರೆ, ಕೊಕ್ಕು ಬೇರೆ, ಕಣ್ಣಿನ ರೆಪ್ಪೆಗಳು ಬೇರೆ. ತುಂಡು ತುಂಡಾಗಿ ಬರೆದರೆ ಕೀಲಿ ಜೋಡಿಸಿ ಆಡಿಸುತ್ತಾಳೆ. ಬೇಡದ ತುಂಡನ್ನು ಬೇರೆಯವರು ಅಳಿಸುತ್ತಾರೆ. ಅಕ್ಕನಿಗೆ ಅಳಿಸಲು ಮನಸ್ಸು ಬಾರದು. ತಲೆಕೆಳಗು ಮಾಡಿ ಹಾಳೆಯ ಮೂಲೆಯಲ್ಲಿಡುತ್ತಾಳೆ. ಆಫೀಸಿನಲ್ಲಿ ಅದೇ ಒಂದು ಮಾತಾಗಿತ್ತು. ಮೀಟಿಂಗ್ ನಿಂತರೆ "ಮೀಟಿಂಗ್ ಬೋರಲು" ಎನ್ನುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಹೊಸ ಚಿತ್ರವನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದಾಗ ಯಾರೂ ಚೆನ್ನಾಗಿದೆ ಅನ್ನುವಂತಿಲ್ಲ. ಹಿಡಿಸಿದರೆ ಎಲ್ಲರೂ ಅಂಗೈಯಿಂದ ಮೇಜು ಬಡಿಯುತ್ತಾರೆ. ಹಿಡಿಸದಿದ್ದರೆ ಸುಮ್ಮನೆ ಟೀ ಕುಡಿಯುತ್ತಾರೆ. ಕಾಗೆ ಮೊದಲ ಸಲ ಪರದೆಗೆ ಬಂದಾಗ ಕೆಳಗಿನ ಸೈಕಲ್ ಅಂಗಡಿಯವನು ಗಾಬರಿಯಾಗಿ ಮೇಲೆ ಓಡಿ ಬಂದಿದ್ದ. ಆ ಸದ್ದಿಗಾಗಿ ಅಕ್ಕ ಎಷ್ಟು ಕೆಲಸವನ್ನಾದರೂ ಮಾಡುತ್ತಿದ್ದಳು.

ಆಮೇಲೆ ಗುಂಗುರು ಬಂದ.

ತಲೆ ತುಂಬಾ ಗುಂಗುರು ಕೂದಲು, ಅದರಲ್ಲಿ ಸಿಕ್ಕಿಸಿದ ಪೆನ್ಸಿಲು. ಹಾಡು ಗುನುಗುತ್ತಾ ಬರೆಯುವ. ಅವನ ಪ್ರಾಣಿಗಳಿಗೆ ಕುತ್ತಿಗೆ ಇರುತ್ತಿರಲಿಲ್ಲ, ಪಾದಗಳು ಮಾತ್ರ ಚಪ್ಪಲಿ ಅಂಗಡಿಯ ಬೋರ್ಡಿನಷ್ಟು ದೊಡ್ಡವು. ಆದರೆ ನೋಡಿದರೆ ನಗು ಬರುತ್ತಿತ್ತು. ಅವನು ಏನು ತೋರಿಸಿದರೂ ಮೇಜು ಸದ್ದು ಮಾಡುತ್ತಿತ್ತು. ಅಕ್ಕನೂ ಬಡಿಯುತ್ತಿದ್ದಳು, ಬೆರಳ ತುದಿಯಿಂದ. ಅವಳ ಚಿತ್ರ ಬಂದಾಗ ಲೋಟಗಳು ಮೇಲೇಳುತ್ತಿದ್ದವು.

ಕೆಟ್ಟವನಾಗಿದ್ದರೆ ಬಯ್ದುಕೊಂಡು ಹಗುರಾಗಬಹುದಿತ್ತು. ಅವನು "ಅಕ್ಕಾ, ಅಕ್ಕಾ" ಅನ್ನುತ್ತಾ ಇವಳ ಡಬ್ಬಿಯಿಂದಲೇ ತಿನ್ನುತ್ತಿದ್ದ. ಕಣ್ಣು ಹೇಗೆ ಬರೆಯುವುದು ಎಂದು ಕೇಳುತ್ತಿದ್ದ. ಇವಳು ಹೇಳಿಕೊಡುತ್ತಿದ್ದಳು. ಒಳಗೆ ಮಾತ್ರ ಕುದಿಯುತ್ತಿದ್ದಳು. ಅವನ ಕುರ್ಚಿಯ ಕಡೆ ನಗು ಕೇಳಿದರೆ ಸಾಕು, ಇವಳ ಗೆರೆ ಸೊಟ್ಟಗಾಗುತ್ತಿತ್ತು.

ಮನೆಯಲ್ಲಿ ಗಂಡ ಟೈಲರ್. ಹೊಲಿಗೆ ಯಂತ್ರದ ಮುಂದೆ ಕೂತವನಿಗೆ ಅಕ್ಕ ಹೇಳಿದಳು, "ರೀ, ಅವನು ಬರೆಯೋದೂ ಒಂದು ಚಿತ್ರನಾ? ಕುತ್ತಿಗೇನೇ ಇಲ್ಲ."

"ಚೆನ್ನಾಗಿಲ್ಲ ಅಂದ್ರೆ ಬಿಡು. ನೀನ್ಯಾಕೆ ಊಟ ಬಿಟ್ಟಿದ್ದೀಯ?"

ಅತ್ತೆ ಒಲೆಯ ಕಡೆಯಿಂದ ತಿರುಗಿದಳು. "ಲೋ ಮಗಾ, ಗ್ಯಾಸ್ ಹಚ್ಚಬೇಡ. ಇವಳ ಹೊಟ್ಟೆ ಮೇಲೆ ಪಾತ್ರೆ ಇಡು, ನೀರು ತಾನೇ ಕಾಯುತ್ತೆ."

"ಅತ್ತೆ, ನಿಮಗೆಲ್ಲಾ ತಮಾಷೆ."

"ತಮಾಷೆ ಏನು ಬಂತೇ? ನಾನೂ ನಿನ್ನ ಕೈಯಡುಗೆ ನೋಡಿ ಸಂಕಟಪಟ್ಟವಳೇ. ಆಮೇಲೆ ರೂಢಿ ಆಯ್ತು."

ಹೀಗಿರುವಾಗ ಹೆಡ್ಮೇಷ್ಟ್ರು ಅಕ್ಕನ ಮೇಜಿನ ಹತ್ತಿರ ಬಂದು ನಿಂತ. ಅವಳ ಪೆನ್ನನ್ನು ತೆಗೆದು ನೋಡಿದ, ಮತ್ತೆ ಇಟ್ಟ.

"ಅಕ್ಕಾ, ಕಾಗೆಗೆ ವಯಸ್ಸಾಯ್ತು ಅನ್ಸುತ್ತೆ. ಮಕ್ಕಳು ಬೇಗ ಬೇಜಾರಾಗಿ ಬೇರೆ ಆಟಕ್ಕೆ ಹೋಗ್ತಿದ್ದಾರೆ. ಗುಂಗುರು ಒಂದು ಹೊಸ ಕಾಗೆ ಬರೀಲಿ. ಪಕ್ಕದ ಬೀದಿ ಶಿಶುವಿಹಾರದ ಮಕ್ಕಳನ್ನ ಕರೆಸೋಣ. ಅವರಿಗೆ ಯಾವುದು ಹಿಡಿಸುತ್ತೋ ಅದು ಇರ್ಲಿ. ಸರಿನಾ?"

"ನಾನು ಸರಿ ಇಲ್ಲ ಅಂದ್ರೆ?"

ಹೆಡ್ಮೇಷ್ಟ್ರು ಕನ್ನಡಕ ಒರೆಸಿಕೊಂಡ. ಕಾಗೆ ಹೋದರೆ ಆ ಆಟದಲ್ಲಿ ತನ್ನದು ಅಂತ ಏನೂ ಉಳಿಯುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಗುಂಗುರುವಿನ ಕಾಗೆ ಸಿದ್ಧವಾಯಿತು. ಗುಂಡು ಹೊಟ್ಟೆ, ದೊಡ್ಡ ಪಾದ, ನಮ್ಮನ್ನೇ ನೆಟ್ಟಗೆ ನೋಡುವ ಎರಡು ಕಣ್ಣು. ಕಣ್ಣುಗಳನ್ನು ಇವಳು ಹೇಳಿಕೊಟ್ಟ ಹಾಗೇ ಬರೆದಿದ್ದ. ಕಾಗೆಗೂ ತನ್ನ ಮರಿ ಚೆಂದ ಅನ್ನುತ್ತಾರೆ. ಅಕ್ಕನಿಗೆ ಆ ಭಾಗ್ಯವೂ ಇರಲಿಲ್ಲ. ಅವನ ಕಾಗೆಯೇ ಚೆಂದ ಎಂದು ಅವಳ ಕಣ್ಣಿಗೆ ಕಾಣುತ್ತಿತ್ತು. ಕಣ್ಣಿನ ಕೆಲಸ ಮಾಡಿದವಳು, ಸುಳ್ಳು ಹೇಳಿಕೊಳ್ಳಲು ಆಗಲಿಲ್ಲ.

ಮಕ್ಕಳು ಬರುವ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದರು. ಅಕ್ಕ ತಲೆನೋವು ಎಂದು ಉಳಿದಳು. ಗುಂಗುರುವಿನ ಕಂಪ್ಯೂಟರ್ ತೆರೆದೇ ಇತ್ತು. ಊಟವಾದ ಮೇಲೆ ಕೀಲಿ ಅಲ್ಲಿಂದಲೇ ತುಂಡುಗಳನ್ನು ತೆಗೆದುಕೊಂಡು ಜೋಡಿಸುವವಳಿದ್ದಳು. ಅಕ್ಕ ಹೋಗಿ ಕೂತಳು. ಹೆಚ್ಚೇನೂ ಮಾಡಲಿಲ್ಲ. ಎಡಗಣ್ಣಿನ ರೆಪ್ಪೆಯನ್ನು ಅದರ ಜಾಗದಿಂದ ತೆಗೆದಳು. ಇನ್ನು ಕಾಗೆ ಕಣ್ಣು ಮಿಟುಕಿಸಿದರೆ ಒಂದು ಕಣ್ಣು ಮುಚ್ಚುತ್ತದೆ, ಇನ್ನೊಂದು ಸತ್ತ ಮೀನಿನ ಹಾಗೆ ತೆರೆದೇ ಇರುತ್ತದೆ. ಮಕ್ಕಳು ಹೆದರಲಿ.

ಎದ್ದು ಬಂದು ಮುಖ ತೊಳೆದಳು. ನೀರು ತಣ್ಣಗಿತ್ತು. ಉರಿ ಇಳಿಯಲಿಲ್ಲ.

ಮಕ್ಕಳು ಕಬ್ಬಿಣದ ಮೆಟ್ಟಿಲು ದಡಬಡ ಹತ್ತಿ ಬಂದರು, ಅವರ ಮಿಸ್ ಹಿಂದೆ. ಮೊದಲು ಅಕ್ಕನ ಕಾಗೆ. ಮಕ್ಕಳು ಕೈಕಟ್ಟಿ ನೋಡಿದರು. ಒಂದು ಮಗು ಆಕಳಿಸಿತು. ಆ ಆಕಳಿಕೆ ಅಕ್ಕನ ಎದೆಗೇ ಬಿತ್ತು.

ಆಮೇಲೆ ಗುಂಗುರುವಿನ ಕಾಗೆ ಬಂತು. ದೊಡ್ಡ ಪಾದ ಎಳೆಯುತ್ತಾ ಬಂದು ನಿಂತಿತು, ಮಕ್ಕಳನ್ನು ನೋಡಿತು, ಒಂದು ಕಣ್ಣು ಮುಚ್ಚಿ ತೆರೆಯಿತು.

ಮುಂದೆ ಕೂತಿದ್ದ ಪುಟ್ಟ ಹುಡುಗಿ ಎದ್ದು ನಿಂತಳು.

"ಮಿಸ್! ಮಿಸ್! ಕಾಗೆ ನಂಗೆ ಕಣ್ಣು ಹೊಡೀತು!"

"ನಿಂಗಲ್ಲ ಕಣೇ, ನಂಗೆ!"

ಎಲ್ಲ ಮಕ್ಕಳೂ ಕಾಗೆಗೆ ತಿರುಗಿ ಕಣ್ಣು ಹೊಡೆಯಲು ಹೊರಟರು. ಯಾರಿಗೂ ಬಾರದು. ಎರಡೂ ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪರದೆಗೆ ಬಂದ ಅಕ್ಷರಗಳನ್ನೆಲ್ಲ ಕಿರುಚಿ ಹೇಳಿದರು. ಮಿಸ್ ಕೂಡ ಒಂದು ಸಲ ಕಣ್ಣು ಹೊಡೆದು ನೋಡಿದಳು.

ಮಕ್ಕಳನ್ನು ಕಳಿಸಿದ ಮೇಲೆ ಮೇಜುಗಳು ಸಿಡಿದವು. ಕೆಳಗಿನ ಸೈಕಲ್ ಅಂಗಡಿಯವನು ಮತ್ತೆ ಮೇಲೆ ಬಂದ.

"ಏನ್ರಪ್ಪಾ, ಕಟ್ಟಡ ಬೀಳಿಸ್ತೀರಾ?"

ಅಕ್ಕನೂ ಬಡಿದಳು. ಬಡಿಯದೆ ವಿಧಿಯಿರಲಿಲ್ಲ. ಹಾಳು ಮಾಡಲು ಹೋಗಿ ಅವನ ತಲೆಗೆ ಕಿರೀಟ ಇಟ್ಟು ಬಂದಿದ್ದಳು. ಅದು ನನ್ನದು ಅನ್ನುವ ಹಾಗಿಲ್ಲ, ಅನ್ನದೆ ಇರಲೂ ಆಗದು.

"ಭಲೇ ಗುಂಗುರು!" ಎಂದ ಹೆಡ್ಮೇಷ್ಟ್ರು. "ಕಣ್ಣು ಹೊಡೆಯೋದು ಎಲ್ಲಿಂದ ಹೊಳೀತೋ?"

ಗುಂಗುರು ತನ್ನ ಕಂಪ್ಯೂಟರಿಗೆ ಹೋಗಿ ಚಿತ್ರ ತೆರೆದ. ಹಾಳೆಯ ಮೂಲೆಯಲ್ಲಿ ಎಡಗಣ್ಣಿನ ರೆಪ್ಪೆ ತಲೆಕೆಳಗಾಗಿ ಮಲಗಿತ್ತು. ಅಳಿಸಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಳ್ಳತನದಲ್ಲೂ ಅಕ್ಕನ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ.

ಅವನು ಅವಳ ಕಡೆ ನೋಡಿದ. ಅವಳು ಕಿಟಕಿಯ ಕಡೆ ನೋಡಿದಳು.

"ಸಾರ್, ಅದು ನಂದಲ್ಲ. ಬೋರಲು ಹಾಕಿರೋದು ನೋಡಿ. ಅಕ್ಕನ ಕೆಲಸ."

"ಅಕ್ಕಾ!" ಎಂದು ಕೀಲಿ ಕೂಗಿದಳು. ಮತ್ತೆ ಮೇಜು ಬಡಿದರು. ಈ ಸಲ ಅವಳಿಗಾಗಿ. ಎಷ್ಟೋ ಕಾಲದಿಂದ ಕಾದಿದ್ದ ಸದ್ದು. ಒಂದೊಂದು ಏಟೂ ಕೆನ್ನೆಗೆ ಬಿದ್ದ ಹಾಗಿತ್ತು.

"ನಿಲ್ಸಿ," ಎಂದಳು ಅಕ್ಕ. "ನಿಲ್ಸ್ರೋ! ಚೆಂದ ಆಗ್ಲಿ ಅಂತ ತೆಗೀಲಿಲ್ಲ ನಾನು. ಹಾಳಾಗ್ಲಿ ಅಂತ ತೆಗ್ದೆ. ಹೊಟ್ಟೆಕಿಚ್ಚು ನಂಗೆ. ಇವನು ಬಂದ ದಿನದಿಂದ ಹೊಟ್ಟೆಕಿಚ್ಚು."

ಕೈಗಳು ಮೇಜಿನ ಮೇಲೇ ನಿಂತವು. ದನಿ ಕೊಡುವ ಗಂಟಲು ಮೂಲೆಯಲ್ಲಿ ಮೆಲ್ಲಗೆ "ಕಾ" ಅಂದ. ಕೀಲಿ ಅವನ ಕಾಲು ತುಳಿದಳು.

"ನಂಗೆ ಗೊತ್ತಾಯ್ತು ಅಕ್ಕಾ," ಎಂದ ಗುಂಗುರು.

"ಗೊತ್ತಾಗಿಯೂ ನನ್ನ ಹೆಸರು ಹೇಳಿದ್ಯಾ? ಒಳ್ಳೆಯವನಾಗೋದ್ರಲ್ಲೂ ನೀನೇ ಮುಂದೆ ಹೋಗ್ಬೇಕೇನೋ?" ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

"ಒಳ್ಳೆತನ ಎಲ್ಲಿ ಬಂತಕ್ಕಾ? ನಾನೇ ಮಾಡ್ದೆ ಅಂದ್ಕೊಂಡು ಕೂತ್ರೆ, ನಾಳೆ ಹೆಡ್ಮೇಷ್ಟ್ರು ಕಣ್ಣು ಹೊಡೆಯೋ ನರಿ ಬರಿ ಅಂತಾರೆ. ನಾನೆಲ್ಲಿಗೆ ಹೋಗ್ಲಿ? ನೀವು ಸಿಟ್ಟಾಗೋವರೆಗೂ ಕಾಯ್ಬೇಕಾ?"

ಮೊದಲು ನಕ್ಕದ್ದು ಸೈಕಲ್ ಅಂಗಡಿಯವನು. ಹೆಡ್ಮೇಷ್ಟ್ರು ಮಾತ್ರ ನಗಲಿಲ್ಲ. "ಅಕ್ಕಾ, ಹೇಳದೆ ಇನ್ನೊಬ್ಬರ ಚಿತ್ರ ಮುಟ್ಟಬೇಡಿ," ಎಂದ. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಹೇಳಿ ಮುಟ್ಟಿ," ಎಂದ.

ಅಕ್ಕನ ಹಳೆಯ ಕಾಗೆ ಹೋಯಿತು. ಅವಳೇ ಅದನ್ನು ತಲೆಕೆಳಗು ಮಾಡಿ ಮೂಲೆಗಿಟ್ಟಳು, ಅಳಿಸಲಿಲ್ಲ. ಅಂದಿನಿಂದ ಎಲ್ಲ ಪ್ರಾಣಿಗಳ ಮೈ ಗುಂಗುರುವಿನದು, ಕಣ್ಣು ಅವಳದು.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಮೇಜು ಬಡಿದಾಗ ಅದು ಕಣ್ಣಿಗೋ ಮೈಗೋ ಎಂದು ಅವಳು ಇಂದಿಗೂ ಎಲ್ಲರ ಮುಖ ನೋಡುತ್ತಾಳೆ. ಅನುಮಾನ ಬಂದರೆ ಕೇಳಿಯೇ ಬಿಡುತ್ತಾಳೆ. "ಕಣ್ಣಿಗೆ ಅಕ್ಕಾ, ಕಣ್ಣಿಗೆ" ಎಂದು ಗುಂಗುರು ಕೂಗಬೇಕು. ಆಮೇಲೇ ಅವನಿಗೆ ಊಟದ ಡಬ್ಬಿ ತೆರೆಯುವುದು.

ಸೈಕಲ್ ಅಂಗಡಿಯ ಪಕ್ಕದಲ್ಲೇ ಕಬ್ಬಿಣದ ಮೆಟ್ಟಿಲಿದೆ. ಆ ಕಡೆ ಹೋದರೆ ಹತ್ತಿ ಹೋಗಿ ಬೊಂಬೆಯಕ್ಕನನ್ನು ಒಂದು ಸಲ ಮಾತಾಡಿಸಿ ಬನ್ನಿ. ಕಿಟಕಿಯ ಪಕ್ಕ ಕೂತಿರುತ್ತಾಳೆ, ಕುರ್ಚಿ ಕೊಡುತ್ತಾಳೆ. ಗುಂಗುರುವನ್ನು ಮಾತ್ರ ಮೊದಲು ಹೊಗಳಬೇಡಿ.