ತಾತನ ಕ್ಷತ್ರಿಯ ಪಟ್ಟ

ಆ ಅರ್ಜಿಯನ್ನು ನಾನೇ ಬರೆದೆನೋ, ಮನೆ ಮಾಲೀಕರು ಹೇಳಿದ್ದನ್ನು ಬರೀ ಇಂಗ್ಲಿಷಿಗೆ ತಿರುಗಿಸಿದೆನೋ, ಈಗ ಖಚಿತವಾಗಿ ಹೇಳಲಾರೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಜ್ಞಾನಭಾರತಿಯಲ್ಲಿ ಇತಿಹಾಸದ ಎಂ.ಎ. ಓದುತ್ತ ಮಾರೇನಹಳ್ಳಿಯ ಒಂದು ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆ. ಮನೆಯ ಮಾಲೀಕರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತಮ್ಮ ಪುಟ್ಟ ಜಾತಿಯ ಸಂಘಕ್ಕೆ ಕಾರ್ಯದರ್ಶಿ. ಸರ್ಕಾರ ಆಗ ಆಯೋಗವೊಂದರಿಂದ ಹಿಂದುಳಿದ ಜಾತಿಗಳ ಪಟ್ಟಿ ಮಾಡಿಸುತ್ತಿತ್ತು; ಅರ್ಜಿ ಆ ಆಯೋಗಕ್ಕೆ. ಅದರಲ್ಲಿ ಸೇರಿದರೆ ಹೈಸ್ಕೂಲಿನಲ್ಲಿದ್ದ ಅವರ ಮಗಳಿಗೆ ಮುಂದೆ ಮೆಡಿಕಲ್ ಸೀಟು ಸಿಗಬಹುದಿತ್ತು.

ತೊಡಕು ಮನೆಯೊಳಗೇ ಇತ್ತು. ಬ್ರಿಟಿಷರ ಕಾಲದ ಜನಗಣತಿಯಲ್ಲಿ ಒಂದೊಂದು ಜಾತಿಯನ್ನೂ ಹೆಸರು ಹಿಡಿದು ಎಣಿಸುತ್ತಿದ್ದಾಗ, ಮಾಲೀಕರ ತಂದೆ ಊರೂರು ಸುತ್ತಿ ಸಹಿ ಕೂಡಿಸಿ, ಹಳೆಯ ಕಸುಬಿನ ಹೆಸರು ತೆಗೆಸಿ, 'ಕ್ಷತ್ರಿಯ' ಎಂಬ ಬಾಲವಿರುವ ಹೊಸ ಹೆಸರು ಬರೆಸಿದ್ದರು. ಹಿಂದುಳಿದವರೆನಿಸಿಕೊಳ್ಳಲು ಮಗ ಈಗ ಆ ಹಳೆಯ ಹೆಸರಿನಲ್ಲೇ ಅರ್ಜಿ ಹಾಕಹೊರಟಿದ್ದರು.

"ಅವತ್ತು ಓಲಗ ಊದಿಸಿದ್ವಿ ಕಣೋ!" ಎಂದು ತಾತ ಕೂಗಾಡಿದರು. "ನಾನು ಮೇಲಕ್ಕೆ ಹತ್ತಿಸಿದೆ, ನೀನು ಕೆಳಕ್ಕೆ ತಳ್ತೀಯಾ?"

"ಅಪ್ಪಾ, ನಿಮ್ಮ ಕ್ಷತ್ರಿಯ ದಿನಾ ಫಸ್ಟ್ ಶಿಫ್ಟ್ ಬಸ್ಸಲ್ಲಿ ನೇತಾಡ್ತಾನೆ," ಎಂದರು ಮಗ. "ಆ ಗಣತಿ ಲೆಕ್ಕದಲ್ಲಿ ತಲೆ ಜಾಸ್ತಿ ಇದ್ದೋರೆಲ್ಲ ಇವತ್ತು ಮಂತ್ರಿಗಳು. ನಮ್ಮನ್ನ ಓಟಿಗೂ ಯಾರೂ ಕರೆಯಲ್ಲ."

ಆ ಮೇಲುಕೀಳಿನ ಏಣಿಯನ್ನು ಪುಸ್ತಕದಲ್ಲಿ ಅಚ್ಚು ಮಾಡಿಸಿದವರೇ ಬಿಳಿಯರು ಎಂದು ನಾನು ಶುರುಮಾಡಿದೆ.

"ನೀವು ಸುಮ್ನಿರಿ ಸಾರ್, ಬಾಡಿಗೆಯೋರು," ಎಂದರು ತಾತ.

ಮೊಮ್ಮಗಳು ಪುಸ್ತಕದಿಂದ ತಲೆ ಎತ್ತಿದಳು. "ಬಿಡಪ್ಪ. ಕ್ಷತ್ರಿಯರ ಹುಡುಗಿಗೆ ಸೀಟ್ ಯಾಕೆ? ತಾತ ನನಗೆ ಅರಮನೆ ಗಂಡೇ ಹುಡುಕ್ತಾರೆ."

ತಾತನೇ ಮೊದಲು ನಕ್ಕರು. ನಾನೇ ಮೊದಲು ನಕ್ಕಿದ್ದರೂ ಇರಬಹುದು. ಕೊನೆಗೆ ಅವರದೊಂದು ಷರತ್ತು: "ಕಸುಬಿನ ಹೆಸರು ಬರ್ಕೊಳ್ಳಿ. ನಾನು ತಂದ ಹೆಸರು ಮಾತ್ರ ಅಳಿಸಬೇಡಿ."

ಆಯೋಗದ ವಿಚಾರಣೆಯ ದಿನ ತಾತ ಜರಿಪೇಟ ಕಟ್ಟಿ ಬಂದರು. ಮಗ ಬಾಯಿ ತೆರೆಯುವ ಮೊದಲೇ ಎದ್ದು ನಿಂತು ಗಂಭೀರವಾಗಿ ಹೇಳಿದರು: "ಸ್ವಾಮಿ, ನಾವು ಬಹಳ ಹಿಂದುಳಿದ ಕ್ಷತ್ರಿಯರು." ಮೇಜಿನ ಆಚೆ ಕುಳಿತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ನಾವು ಮೂವರೂ ಅದನ್ನೇ ಹೇಳಿ ಹೇಳಿ ನಗುತ್ತಿದ್ದೆವು.

ಹುಡುಗಿ ಡಾಕ್ಟರಾದಳು. ಪಟ್ಟಿಯಿಂದಲೇ ಸೀಟು ಸಿಕ್ಕಿತು ಎಂದು ತಾತ ಹೇಳುತ್ತಿದ್ದರು. ಅದನ್ನು ನಾನು ಪೂರ್ತಿ ನಂಬಿರಲಿಲ್ಲ. ಬಹಳ ವರ್ಷಗಳ ನಂತರ ಗ್ರಂಥಾಲಯವೊಂದರಲ್ಲಿ ಆ ಅಚ್ಚಾದ ಪಟ್ಟಿ ತೆಗೆಸಿ ನೋಡಿದೆ. ಅವರ ಜಾತಿ ಅದರಲ್ಲಿದೆ, ಎರಡೂ ಹೆಸರುಗಳೊಂದಿಗೆ.